ಗುಳೆ ಹೊರಡುವ ಗಾಡಿಗೂ ಒಂದು ಡಿಶ್ ಇರಲಿ

ಗಾಡಿಯಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತುವವರ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಒಳಗೆ ಮಂಚ, ಒಲೆ, ಸಣ್ಣ ಫ್ರಿಜ್ಜು, ಗೋಡೆಗೆ ಟೀವಿ. ಗಾಡಿಯ ನೆತ್ತಿಯ ಮೇಲೆ ತಾನಾಗಿ ತಿರುಗಿ ಉಪಗ್ರಹ ಹುಡುಕಿಕೊಳ್ಳುವ ಡಿಶ್. ರಾಜ್ಯದ 2020–26ರ ಪ್ರವಾಸೋದ್ಯಮ ನೀತಿಯಲ್ಲೂ ಇಂಥ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿದ್ದಾರೆ. ಬೇಡ ಅನ್ನಲ್ಲ. ಆದರೆ ನಮ್ಮ ನ್ಯಾಮತಿ, ಹೊನ್ನಾಳಿ ಕಡೆ ಗಾಡಿಯನ್ನೇ ಮನೆ ಮಾಡಿಕೊಂಡವರು ಯಾರು ಅಂತ ಒಂದು ಸಲ ರಸ್ತೆಬದಿ ನಿಂತು ನೋಡಿ.

ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್‌ವೆಲ್ ಲಾರಿಯ ಹುಡುಗರು ಪೈಪು ತುಂಬಿದ ಲಾರಿಯಲ್ಲೇ ಮಲಗುತ್ತಾರೆ. ಭತ್ತ ಕೊಯ್ಲಿನ ಹೊತ್ತಿಗೆ ಬೇರೆ ರಾಜ್ಯದ ಮಷಿನ್ ಬರುತ್ತವೆ, ಡ್ರೈವರ್, ಕ್ಲೀನರ್ ಮಷಿನ್ ಪಕ್ಕದಲ್ಲೇ ಅಡುಗೆ ಮಾಡಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೊರಡುವ ಕುಟುಂಬಗಳು ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲವನ್ನೂ ಒಂದೇ ಪಿಕಪ್‌ಗೆ ಹೇರಿಕೊಂಡು ಹೋಗುತ್ತವೆ. ಹೋದಲ್ಲಿ ಗಾಡಿ, ಟಾರ್ಪಾಲು, ಲೈನ್ ಮನೆ, ಯಾವುದು ಸಿಕ್ಕಿತೋ ಅದೇ ಮನೆ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ತಿರುಗಿದ ಬಂಜಾರರಿಗೆ ಕ್ಯಾರವಾನ್ ಅನ್ನುವುದು ಹೊಸ ವಿಷಯ ಅಲ್ಲವೇ ಅಲ್ಲ. ಹೆಸರಷ್ಟೇ ಹೊಸದು.

ನಮ್ಮ ಅಭಿಪ್ರಾಯ ಇಷ್ಟು: ತಿರುಗಾಡುವ ಮನೆಗೆ ಟೀವಿ, ರೆಕಾರ್ಡಿಂಗ್ ಅಂತ ಮಾತು ಬಂದರೆ ಅದು ಮೊದಲು ಬರಬೇಕಾದದ್ದು ಈ ಗುಳೆ ಗಾಡಿಗಳಿಗೆ. ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ. ತಿಂಗಳ ರೀಚಾರ್ಜ್ ಬೇಕಿಲ್ಲ. ಡಿಡಿ ಫ್ರೀ ಡಿಶ್‌ನ ಡಿಶ್, ಬಾಕ್ಸ್, ವೈರು ಸೇರಿ ಸುಮಾರು 2,000 ರೂಪಾಯಿ ಒಂದು ಸಲದ ಖರ್ಚು. ಮೇಲೆ ಒಂದು ಸಣ್ಣ ಟೀವಿ, ಒಂದು ಪೆನ್‌ಡ್ರೈವ್. ಮುಂಗಡ ಕೊಟ್ಟು ಕರೆದುಕೊಂಡು ಹೋಗುವ ಮೇಸ್ತ್ರಿ ಟಾರ್ಪಾಲು ಕೊಡುತ್ತಾನೆ, ಮಚ್ಚು ಕೊಡುತ್ತಾನೆ. ಅದರ ಜೊತೆ ಇದನ್ನೂ ಕೊಡಲಿ. ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿರುವ ಶಿಕ್ಷಣ ಇಲಾಖೆ ಆ ಪೆನ್‌ಡ್ರೈವ್‌ಗೆ ಪಾಠ ತುಂಬಿಸಿಕೊಡಲಿ.

ಇದನ್ನು ಹೇಳಿದ ಕೂಡಲೇ ಬರುವ ಮಾತು ಗೊತ್ತೇ ಇದೆ. "ಕೂಲಿಗೆ ಹೋಗೋರಿಗೆ ಟೀವಿ ಶೋಕಿ ಯಾಕ್ರೀ?" ಊರಲ್ಲಿ ಇರುವವರ ಮನೆಯ ಟೀವಿ ಶೋಕಿ ಅಲ್ಲ, ಊರು ಬಿಟ್ಟವರ ಗುಡಿಸಲಿಗೆ ಬಂದರೆ ಶೋಕಿ. ದಿನವಿಡೀ ಕಬ್ಬು ಕಡಿದು ಬಂದವರು ಸಂಜೆ ಒಂದು ಗಂಟೆ ಟೀವಿ ನೋಡಿದರೆ ಯಾರ ಗಂಟೂ ಹೋಗಲ್ಲ. ಮಕ್ಕಳ ಮಾತು ಇನ್ನೂ ದೊಡ್ಡದು. ದೀಪಾವಳಿ ಕಳೆದು ಹೊರಟ ಕುಟುಂಬ ವಾಪಸ್ ಬರುವಷ್ಟರಲ್ಲಿ ಶಾಲೆಯ ವರ್ಷವೇ ಮುಗಿಯುತ್ತಾ ಬಂದಿರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ. ಅಷ್ಟು ದಿನ ಆ ಮಗುವಿನ ಕಿವಿಗೆ ಪಾಠದ ಒಂದು ಸಾಲೂ ಬಿದ್ದಿರುವುದಿಲ್ಲ.

ಇನ್ನೊಂದು ಮಾತು: "ಮೊಬೈಲ್ ಐತಲ್ಲ?" ಇದೆ. ಮನೆಗೆ ಒಂದು, ಅದು ಅಪ್ಪನ ಜೇಬಲ್ಲಿ. ಮಲೆನಾಡಿನ ಎಸ್ಟೇಟ್ ಒಳಗೆ ನೆಟ್‌ವರ್ಕ್ ಸಿಗುವುದು ಗುಡ್ಡದ ಒಂದು ಬಂಡೆ ಮೇಲೆ. ದಿನದ ಡೇಟಾ ಮುಗಿದರೆ ಮುಗಿಯಿತು. ಡಿಶ್‌ಗೆ ಟವರ್ ಬೇಕಿಲ್ಲ, ಆಕಾಶ ಕಂಡರೆ ಸಾಕು.

ಬಡವರಿಗೆ ಉಪಗ್ರಹ ಟೀವಿ ಅನ್ನುವ ಯೋಚನೆ ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ನಮ್ಮ ದೇಶದಲ್ಲಿ 'ಸೈಟ್' ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್–6 ಉಪಗ್ರಹವನ್ನು ಬಳಸಿಕೊಂಡು ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ, ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಕನ್ನಡದಲ್ಲೇ. ಡಿಶ್ ಹತ್ತು ಅಡಿ ಅಗಲ, ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಲ್ಲಿ ಮಾಡಿದ್ದು. ಕರೆಂಟಿಲ್ಲದ ಕಡೆ ಬ್ಯಾಟರಿ ಮೇಲೆ ಟೀವಿ ಓಡಿಸಿದರು. ಹತ್ತು ಅಡಿಯ ಡಿಶ್ ಈಗ ಎರಡು ಅಡಿಗೆ ಇಳಿದಿದೆ. 50 ವರ್ಷದ ಹಿಂದೆ ಬ್ಯಾಟರಿ ಹೊತ್ತುಕೊಂಡು ಹೋಗಿ ತೋರಿಸಿದ್ದನ್ನು ಈಗ ಒಂದು ಟಾಟಾ ಏಸ್‌ನಲ್ಲಿ ಮಾಡಲಾಗಲ್ಲ ಅಂದರೆ ಒಪ್ಪುವುದು ಕಷ್ಟ.

ಈಗ ಕೆಲಸದ ಮಾತಿಗೆ ಬರೋಣ. ಗಾಡಿಗೆ ಟೀವಿ ಹಾಕಿಸಬೇಕು ಅಂತ ಅಂಗಡಿಗೆ ಹೋದರೆ ಮೊದಲು ಹೇಳುವುದೇ ಡಿಶ್ಶನ್ನು ಟಾಪ್ ಮೇಲೆ ಬೋಲ್ಟ್ ಹಾಕಿ ಕೂರಿಸೋಣ ಅಂತ. ಬೇಡ. ಎರಡು ಅಡಿಯ ಡಿಶ್ ಆಕಾಶದಲ್ಲಿ ನೋಡುವುದು ಸುಮಾರು ಮೂರು ಡಿಗ್ರಿಯಷ್ಟು ಕಿರಿದಾದ ಜಾಗವನ್ನು. ಗಾಡಿಯ ಒಂದು ಚಕ್ರ ಬದುವಿನ ಮೇಲೆ ಹತ್ತಿ ನಿಂತರೂ ಸಿಗ್ನಲ್ ಹೋಯಿತು. ಓಡುವ ಗಾಡಿಯಲ್ಲಂತೂ ಈ ಡಿಶ್ ಕೆಲಸ ಮಾಡುವುದೇ ಇಲ್ಲ. ಓಡುವಾಗಲೂ ಹಿಡಿಯುವ ಗುಮ್ಮಟದಂಥ ಆಂಟೆನಾ ಬೇರೆ ಇದೆ, ಅದರ ಬೆಲೆಗೆ ಒಂದು ಹಳೇ ಬೈಕೇ ಬರುತ್ತದೆ. ನಮಗೆ ಅದು ಬೇಕಿಲ್ಲ. ಓಡುವಾಗ ಡ್ರೈವರ್ ಕಣ್ಣಿಗೆ ಟೀವಿ ಕಾಣುವುದೂ ಬೇಡ.

ಬಣ್ಣದ ಖಾಲಿ ಡಬ್ಬ ಒಂದನ್ನು ತೆಗೆದುಕೊಳ್ಳಿ, 20 ಲೀಟರಿನದು. ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ನೇರ ಇದೆಯಾ ಅಂತ ಗಾರೆ ಕೆಲಸದವರ ಮಟ್ಟದಲ್ಲಿ ನೋಡಿ, ಅರ್ಧದಷ್ಟು ಕಾಂಕ್ರೀಟ್ ಸುರಿಯಿರಿ. ಅದೇ ನಿಮ್ಮ ಸ್ಟ್ಯಾಂಡ್. ಗಾಡಿ ನೆರಳಲ್ಲಿ ನಿಲ್ಲಲಿ, ಡಬ್ಬ ಬಯಲಲ್ಲಿ ನಿಲ್ಲಲಿ. 15 ಮೀಟರ್ ವೈರು ಇಟ್ಟುಕೊಂಡರೆ ಎಲ್ಲಿಗೆ ಬೇಕಾದರೂ ಎಳೆಯಬಹುದು. ಅಡಿಕೆ ತೋಟದೊಳಗೆ, ಕಾಫಿ ತೋಟದ ಸಿಲ್ವರ್ ಮರಗಳ ಕೆಳಗೆ ಸಿಗ್ನಲ್ ಸಿಗಲ್ಲ, ಎಲೆ ಅಡ್ಡ ಬಂದರೆ ಸಾಕು. ಸ್ಟ್ಯಾಂಡ್ ಬೇರೆ ಇದ್ದರೆ ಇನ್ನೊಂದು ಅನುಕೂಲ: ಮೇಸ್ತ್ರಿಯ ಗಾಡಿ ವಾಪಸ್ ಹೋದರೂ ಡಿಶ್ ಕುಟುಂಬದ ಜೊತೆ ಉಳಿಯುತ್ತದೆ.

ದಿಕ್ಕು. ಫ್ರೀ ಡಿಶ್ ಬರುವುದು ಇಸ್ರೊದ ಜಿಸ್ಯಾಟ್–15 ಉಪಗ್ರಹದಿಂದ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ನೇರಕ್ಕೆ ಇದೆ. ನ್ಯಾಮತಿಯಲ್ಲಿ ನಿಂತು ನೋಡಿದರೆ ಆಗ್ನೇಯ ಮೂಲೆ, ಅದರಲ್ಲೂ ಪೂರ್ವಕ್ಕೆ ಸ್ವಲ್ಪ ವಾಲಿ, ಮೊಬೈಲ್ ದಿಕ್ಸೂಚಿಯಲ್ಲಿ 127 ಡಿಗ್ರಿ. ವಾಸ್ತುವಿನಲ್ಲಿ ಅಡುಗೆಮನೆ ಮೂಲೆ ಅಂತೀವಲ್ಲ, ಆ ಕಡೆ. ಎತ್ತರ ಸುಮಾರು 63 ಡಿಗ್ರಿ, ಅಂದರೆ ನೆಲದಿಂದ ನೆತ್ತಿಗೆ ಮೂರು ಪಾಲು ಮಾಡಿದರೆ ಎರಡು ಪಾಲು ದಾಟಿ ಮೇಲೆ. ಮಂಡ್ಯಕ್ಕೆ ಹೋದರೂ ಚಿಕ್ಕಮಗಳೂರಿಗೆ ಹೋದರೂ ಇದು ಒಂದೆರಡು ಡಿಗ್ರಿ ಮಾತ್ರ ಬದಲಾಗುತ್ತದೆ. ಊರಲ್ಲೇ ಒಂದು ಸಲ ಸರಿಯಾಗಿ ಹಿಡಿದು, ಡಿಶ್ ಹಿಂದಿನ ಅಳತೆ ಪಟ್ಟಿ ಮೇಲೆ ಉಗುರು ಬಣ್ಣದಲ್ಲಿ ಗುರುತು ಹಾಕಿಕೊಂಡರೆ ಹೋದಲ್ಲಿ ಅರ್ಧ ಕೆಲಸ ಮುಗಿದಂತೆ. ಮೊಬೈಲ್ ದಿಕ್ಸೂಚಿಯನ್ನು ಗಾಡಿಯ ಪಕ್ಕ ಹಿಡಿಯಬೇಡಿ, ಕಬ್ಬಿಣಕ್ಕೆ ಅದು ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಿ, ಎದುರಿಗೆ ಒಂದು ಮರವನ್ನೋ ಕಂಬವನ್ನೋ ಗುರುತು ಇಟ್ಟುಕೊಂಡು ಬನ್ನಿ.

ಆಮೇಲೆ ಒಬ್ಬರು ಡಿಶ್ ಹತ್ತಿರ, ಒಬ್ಬರು ಟೀವಿ ಹತ್ತಿರ. ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ. ಒಂದು ಸಿಗ್ನಲ್‌ನ ಬಲ, ಇನ್ನೊಂದು ಗುಣಮಟ್ಟ. ಬಲದ ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ಮೇಲೇ ಇರುತ್ತದೆ, ವೈರು ಸರಿ ಇದೆ ಅಂತ ಹೇಳುವುದಷ್ಟೇ ಅದರ ಕೆಲಸ. ನೋಡಬೇಕಾದದ್ದು ಗುಣಮಟ್ಟದ ಪಟ್ಟಿ. ಡಿಶ್ಶನ್ನು ಒಂದು ಬೆರಳಿನಷ್ಟು ಸರಿಸಿ, ಎರಡು ಎಣಿಸುವಷ್ಟು ಹೊತ್ತು ನಿಲ್ಲಿ. ಬಾಕ್ಸಿಗೆ ಗುರುತು ಹಿಡಿಯಲು ಅಷ್ಟು ಸಮಯ ಬೇಕು. ಗಡಿಬಿಡಿಯಲ್ಲಿ ತಿರುಗಿಸುತ್ತಾ ಹೋದರೆ ಉಪಗ್ರಹವನ್ನು ಹತ್ತು ಸಲ ದಾಟಿ ಹೋದರೂ ಗೊತ್ತಾಗಲ್ಲ. ಪಕ್ಕದಲ್ಲೇ ಬೇರೆ ಉಪಗ್ರಹಗಳೂ ಇವೆ. ಗುಣಮಟ್ಟ ಬಂತು, ಚಾನೆಲ್ ಬರಲಿಲ್ಲ ಅಂದರೆ ಪಕ್ಕದ ಮನೆ ಬಾಗಿಲು ತಟ್ಟಿದ್ದೀರಿ ಅಂತ ಅರ್ಥ, ಸ್ವಲ್ಪ ಸರಿಯಿರಿ. ಕೊನೆಗೆ ಡಿಶ್ ಮುಂದಿನ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನಮ್ಮ ಕಡೆ ಅದು ಸಾಕಷ್ಟು ಓರೆಯಾಗಿಯೇ ಕೂರಬೇಕು. ಇದೊಂದನ್ನು ಮರೆತು "ಬಾಕ್ಸೇ ಹೋಗೈತಿ" ಅಂತ ಅಂಗಡಿಗೆ ಹೊತ್ತವರು ಬಹಳ ಜನ.

ರೀಚಾರ್ಜ್ ಡಿಶ್ ಇದ್ದವರು ಅದನ್ನೇ ಒಯ್ಯಬಹುದು. ಆದರೆ ದಿಕ್ಕು ಬೇರೆ. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ, ಇನ್ನಷ್ಟು ದಕ್ಷಿಣಕ್ಕೆ, ಇನ್ನಷ್ಟು ಎತ್ತರಕ್ಕೆ ನೋಡಬೇಕು. ಏರ್‌ಟೆಲ್ 108.2 ಡಿಗ್ರಿ, ಪೂರ್ವದ ಕಡೆ, ಕೆಳಗೆ. ಪೂರ್ವಕ್ಕೆ ಗುಡ್ಡವೋ ಮರವೋ ಇದ್ದಲ್ಲಿ ಅದಕ್ಕೆ ಕಷ್ಟ.

ಕರೆಂಟಿನ ಲೆಕ್ಕ ಸುಲಭ. 24 ಇಂಚಿನ ಎಲ್‌ಇಡಿ ಟೀವಿ 30 ವ್ಯಾಟ್, ಬಾಕ್ಸ್ 10 ವ್ಯಾಟ್ ಅಂದುಕೊಳ್ಳಿ. 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಆಸುಪಾಸು. 100 ಎಎಚ್ ಬ್ಯಾಟರಿಯ ಅರ್ಧ ಮಾತ್ರ ಖಾಲಿ ಮಾಡಿದರೂ 14 ಗಂಟೆ ಓಡುತ್ತದೆ. ದಿನಕ್ಕೆ ಮೂರು ಗಂಟೆ ನೋಡಿದರೆ ನಾಲ್ಕು ದಿನ. 100 ವ್ಯಾಟಿನ ಸೋಲಾರ್ ಪ್ಯಾನೆಲ್ ಇದ್ದರೆ ಚಾರ್ಜಿಗೆ ಊರಿಗೆ ಹೋಗುವುದೂ ತಪ್ಪುತ್ತದೆ. 12 ವೋಲ್ಟಿನಲ್ಲೇ ಓಡುವ ಟೀವಿ, ಬಾಕ್ಸ್ ಕೇಳಿ ಕೊಳ್ಳಿ. ಇನ್ವರ್ಟರ್ ಇಟ್ಟರೆ ಅದೇ ಒಂದಷ್ಟು ಕರೆಂಟ್ ತಿನ್ನುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಟೀವಿ ಕೊಡಬೇಡಿ, ಬೆಳಗ್ಗೆ ತಳ್ಳಬೇಕಾಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಟಾರ್ಪಾಲು, ಹುಲ್ಲು, ಸೀಮೆಎಣ್ಣೆ ಇರುವ ಜಾಗದಲ್ಲಿ ವೈರ್ ಶಾರ್ಟ್ ಆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ನಮ್ಮ ವಾದದ ಅರ್ಧ ತೂಕ ಇರುವುದೇ ಇಲ್ಲಿ. ಪಾಠ ಬರುವ ಹೊತ್ತಿಗೆ ಮಗು ತಮ್ಮನನ್ನು ಎತ್ತಿಕೊಂಡು ಹೊಲದ ಬದುವಿನಲ್ಲಿ ಇರುತ್ತದೆ. ಸಂಜೆ ಅದು ಖಾಲಿ ಆಗುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಹಿಡಿದಿಟ್ಟು ಆಮೇಲೆ ತೋರಿಸುವ ಉಪಾಯ ಇಲ್ಲದಿದ್ದರೆ ಡಿಶ್ ಇದ್ದೂ ಮಗುವಿಗೆ ಉಪಯೋಗ ಕಡಿಮೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಯುಎಸ್‌ಬಿ ಕಿಂಡಿ ಇರುವ ಫ್ರೀ ಡಿಶ್ ಬಾಕ್ಸುಗಳಲ್ಲಿ ಎಷ್ಟೋ ಮಾದರಿಗಳು ನೇರ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುತ್ತವೆ. ಟೈಮರ್ ಇಟ್ಟು ಹೋದರೆ ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಸಾಮಾನ್ಯ ಗುಣಮಟ್ಟದ ಚಾನೆಲ್ ಆದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ. 32 ಜಿಬಿ ಪೆನ್‌ಡ್ರೈವ್‌ನಲ್ಲಿ ಒಂದು ತಿಂಗಳ ಪಾಠ ಕೂರುತ್ತದೆ. ಆ ಫೈಲನ್ನು ಮೊಬೈಲ್‌ಗೆ ಹಾಕಿ ವಿಎಲ್‌ಸಿ ಆ್ಯಪ್‌ನಲ್ಲಿ ನೋಡಬಹುದು. ರೀಚಾರ್ಜ್ ಡಿಶ್‌ಗಳ ರೆಕಾರ್ಡಿಂಗ್ ಹೀಗಲ್ಲ, ಅದಕ್ಕೆ ಬೀಗ ಹಾಕಿರುತ್ತಾರೆ, ಆ ಬಾಕ್ಸ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಬಾಕ್ಸ್ ಕೊಳ್ಳುವಾಗ ಒಂದು ಪೆನ್‌ಡ್ರೈವ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಐದು ನಿಮಿಷ ರೆಕಾರ್ಡ್ ಮಾಡಿಸಿ ನೋಡಿ. ಕೆಲವು ಬಾಕ್ಸುಗಳ ಕಿಂಡಿ ಬರೀ ಹಾಡು ಹಾಕಲಿಕ್ಕೆ ಇರುತ್ತದೆ. ಸಾಮಾನ್ಯ ಬಾಕ್ಸು ಒಂದನ್ನು ರೆಕಾರ್ಡ್ ಮಾಡುತ್ತಾ ಇನ್ನೊಂದು ಚಾನೆಲ್ ತೋರಿಸುತ್ತದೆ ಅಂತಲೂ ನಂಬಿಕೊಳ್ಳಬೇಡಿ. ಕ್ರಿಕೆಟ್ ನೋಡುವ ಅಣ್ಣನಿಗೂ ಪಾಠ ಹಿಡಿಯುವ ತಂಗಿಗೂ ಜಗಳ ಆಗುವುದು ಇಲ್ಲೇ. ಅಂದ ಹಾಗೆ, ಮನೆಯಲ್ಲಿ ನೋಡಲು ಹಿಡಿದಿಟ್ಟುಕೊಳ್ಳುವುದು ಬೇರೆ, ಅದನ್ನು ಯೂಟ್ಯೂಬ್‌ಗೆ ಏರಿಸುವುದು ಬೇರೆ. ಎರಡನೆಯದಕ್ಕೆ ಕೈ ಹಾಕಬೇಡಿ.

ಹಾಗಾದರೆ ಹಿಡಿದಿಡುವಂಥದ್ದು ಏನು ಬರುತ್ತದೆ? ಇಲ್ಲಿ ನಮಗೆ ತಕರಾರಿದೆ. ಕೊರೊನಾ ಕಾಲದಲ್ಲಿ, 2020ರ ಜುಲೈ 20ರಿಂದ, ಚಂದನದಲ್ಲಿ 'ಸಂವೇದ' ಅಂತ ಎಂಟರಿಂದ ಹತ್ತನೇ ತರಗತಿವರೆಗಿನ ಪಾಠಗಳು ಬಂದವು. ನಮ್ಮ ಪಠ್ಯ, ನಮ್ಮ ಮೇಷ್ಟ್ರು, ನಮ್ಮ ಭಾಷೆ. ಶಾಲೆ ಬಾಗಿಲು ಹಾಕಿದ್ದಾಗ ಎಲ್ಲ ಮಕ್ಕಳಿಗೂ ಬೇಕು ಅನ್ನಿಸಿದ್ದು, ಪ್ರತಿ ವರ್ಷ ಅರ್ಧ ವರ್ಷ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳಿಗೆ ಬೇಕು ಅನ್ನಿಸುವುದಿಲ್ಲವೇ? ಕೇಂದ್ರದ ಪಿಎಂ ಇ–ವಿದ್ಯಾದಲ್ಲಿ ತರಗತಿಗೊಂದರಂತೆ 12 ಚಾನೆಲ್ ಮಾಡಿ ಫ್ರೀ ಡಿಶ್‌ನಲ್ಲಿ ಹಾಕಿದರು. ಅದರಲ್ಲಿ ಹಿಂದಿ, ಇಂಗ್ಲಿಷಿನದೇ ಕಾರುಬಾರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಕಲಿಯುವ ತಾಂಡಾದ ಮಗುವಿಗೆ ಹಿಂದಿಯಲ್ಲಿ ವಿಜ್ಞಾನ ಹೇಳಿದರೆ ಅದು ಮೂರನೇ ಭಾಷೆಯ ಗೋಡೆ. 2022ರ ಬಜೆಟ್‌ನಲ್ಲಿ 12 ಚಾನೆಲ್‌ಗಳನ್ನು 200ಕ್ಕೆ ಏರಿಸಿ ರಾಜ್ಯಗಳ ಭಾಷೆಯಲ್ಲೇ ಪಾಠ ಕೊಡುತ್ತೇವೆ ಅಂದರು. ಆ ಕನ್ನಡದ ಪಾಠ ಯಾವ ದಿನ, ಯಾವ ಹೊತ್ತು, ಯಾವ ನಂಬರಿನಲ್ಲಿ ಬರುತ್ತದೆ ಅಂತ ಒಂದು ಹಾಳೆ ಬರೆದು ಶಾಲೆಯ ಗೋಡೆಗೆ ಅಂಟಿಸಲಿ. ಟೈಮರ್ ಇಡಬೇಕಾದರೆ ಮೊದಲು ಸಮಯ ಗೊತ್ತಿರಬೇಕಲ್ಲ.

ಮಿಕ್ಕ ವಿಷಯದಲ್ಲೂ ಫ್ರೀ ಡಿಶ್ ನಮಗೆ ಪೂರಾ ನ್ಯಾಯ ಮಾಡಿಲ್ಲ. ಖಾಸಗಿ ಚಾನೆಲ್‌ಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ, ಅಲ್ಲಿ ತುಂಬಿಕೊಂಡಿರುವುದು ಹೆಚ್ಚಾಗಿ ಹಿಂದಿಯೇ. ಸಂಜೆಯ ಕನ್ನಡ ಧಾರಾವಾಹಿ ಬೇಕೇ ಬೇಕು ಅನ್ನುವ ಅಕ್ಕಂದಿರಿಗೆ ನಿರಾಸೆ ಆಗುತ್ತದೆ, ಅದನ್ನು ಮುಚ್ಚಿಟ್ಟು ಡಿಶ್ ಮಾರುವವರನ್ನು ನಂಬಬೇಡಿ. ಚಂದನ ಇದೆ. 2002ರಿಂದ ನಡೆಯುತ್ತಿರುವ 'ಥಟ್ ಅಂತ ಹೇಳಿ' ಇದೆ, ಕೃಷಿ ಕಾರ್ಯಕ್ರಮ ಇದೆ, ವಾರ್ತೆ ಇದೆ. ಭಾರತ ಆಡುವ ದೊಡ್ಡ ಪಂದ್ಯಗಳು ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತವೆ. ಅಂಥ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾನೂನೇ ಇದೆ. ಐಪಿಎಲ್ ಅದರಲ್ಲಿ ಬರುವುದಿಲ್ಲ.

ಟೀವಿ ಕೊಟ್ಟುಬಿಟ್ಟರೆ ಶಾಲೆ ಕೊಟ್ಟಂತಾಯಿತು ಅಂತ ಯಾರಾದರೂ ಅಧಿಕಾರಿ ಜಾರಿಕೊಳ್ಳುವ ಅಪಾಯ ಇದೆ. ಅದನ್ನು ಈಗಲೇ ಹೇಳಿಬಿಡುತ್ತೇವೆ. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಉಳಿಯಲು ಋತುಮಾನ ಹಾಸ್ಟೆಲ್, ಹೋದ ಜಾಗದಲ್ಲಿ ಟೆಂಟ್ ಶಾಲೆ ಎರಡೂ ಯೋಜನೆಯಲ್ಲಿವೆ, ಎರಡೂ ಬೇಕು. ಅಜ್ಜ ಅಜ್ಜಿ ಇಲ್ಲದ ಮನೆಯಲ್ಲಿ ಆರು ವರ್ಷದ ಮಗುವನ್ನು ಬಿಟ್ಟು ಹೋಗು ಅಂದರೆ ಯಾವ ತಾಯಿ ಬಿಡುತ್ತಾಳೆ? ಜೊತೆಗೆ ಹೋಗುವ ಮಕ್ಕಳು ಇದ್ದೇ ಇರುತ್ತಾರೆ. ಡಿಶ್ ಕೇಳುತ್ತಿರುವುದು ಅವರಿಗೆ.

ಖರ್ಚು ಯಾರದು ಅನ್ನುವುದಕ್ಕೆ ನಮ್ಮ ಉತ್ತರ ನೇರ ಇದೆ. ಡಿಶ್, ಬಾಕ್ಸ್, ಬ್ಯಾಟರಿ ಮೇಸ್ತ್ರಿಯದು ಅಥವಾ ಕೆಲಸ ಕೊಡುವವರದು, ಮುಂಗಡದಲ್ಲಿ ಮುರಿದುಕೊಳ್ಳದೆ. ಹತ್ತು ಕುಟುಂಬದ ಗ್ಯಾಂಗಿಗೆ ಒಂದು ಸೆಟ್ ಸಾಕು. ಪಾಠ ತುಂಬಿದ ಪೆನ್‌ಡ್ರೈವ್ ಶಾಲೆಯದು, ಯಾಕೆಂದರೆ ಹಳೆಯ ಪಾಠಗಳು ಇಲಾಖೆಯ ಕೈಯಲ್ಲೇ ಇವೆ, ಉಪಗ್ರಹಕ್ಕೆ ಕಾಯಬೇಕಿಲ್ಲ. ಯಾವ ತರಗತಿ, ಯಾವ ಪಾಠದವರೆಗೆ ಆಗಿದೆ ಅಂತ ಕ್ಲಾಸ್ ಮೇಷ್ಟ್ರಿಗೆ ಗೊತ್ತಿರುತ್ತದೆ. ಅಲ್ಲಿಂದ ಮುಂದಿನದನ್ನು ತುಂಬಿಸಿ ಕೊಡುವುದು ಒಂದು ಮಧ್ಯಾಹ್ನದ ಕೆಲಸ. ತಾಂಡಾ ಅಭಿವೃದ್ಧಿ ನಿಗಮ ಇದೆ, ಅದೂ ಒಂದಿಷ್ಟು ಸೆಟ್ ಕೊಡಿಸಬಹುದು.

ಡಿಶ್ ಹಿಡಿಯುವುದನ್ನು ಕಲಿಸಲು ಜಾಗವೂ ನಮ್ಮ ತಾಲ್ಲೂಕಿನಲ್ಲೇ ಇದೆ. ಫೆಬ್ರವರಿ ನಡುವಿನಲ್ಲಿ ಸಂತ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ, ಗಾಡಿ ಪಕ್ಕದಲ್ಲೇ ಅಡುಗೆ, ಅಲ್ಲೇ ನಿದ್ದೆ. ಅಲ್ಲಿ ಒಂದು ಮೂಲೆಯಲ್ಲಿ ಡಬ್ಬ, ಡಿಶ್, ಬ್ಯಾಟರಿ ಇಟ್ಟು ಅರ್ಧ ಗಂಟೆಯ ಕೆಲಸ ತೋರಿಸಿದರೆ ಸಾವಿರ ಜನ ನೋಡುತ್ತಾರೆ. ಅದಕ್ಕೂ ಮುಂಚೆ, ದೀಪಾವಳಿಗೆ ಮೊದಲು, ನಿಮ್ಮ ತಾಂಡಾದಲ್ಲಿ ಹತ್ತು ಹುಡುಗ ಹುಡುಗಿಯರು ಸೇರುವುದಾದರೆ ಹೇಳಿ. ನಾವು ಒಂದು ಭಾನುವಾರ ಬರುತ್ತೇವೆ. ಬಣ್ಣದ ಡಬ್ಬ, ಒಂದು ಪುಟ್ಟಿ ಜಲ್ಲಿ, ಸ್ವಲ್ಪ ಸಿಮೆಂಟ್ ನೀವು ನೋಡಿಕೊಳ್ಳಿ. ಕಾಂಕ್ರೀಟ್ ಹಿಂದಿನ ದಿನವೇ ಹಾಕಿಟ್ಟಿರಿ, ಪೈಪು ಅಲುಗಾಡಬಾರದು.